ಹೊಲಿದ ನರ ಚಿಗುರಿದೆಯಾ? ಎಂಆರ್‌ಐ ಎಷ್ಟು ಹೇಳುತ್ತೆ, ಬೆರಳು ಎಷ್ಟು ಹೇಳುತ್ತೆ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು, ಸ್ವಲ್ಪ ಕಾಫಿ ತೋಟ ಇದೆ. ಜೂನ್ ಮೊದಲ ವಾರ ಮರಗಸಿ ಮಾಡುವಾಗ ಕತ್ತಿ ಜಾರಿ, ಕೊಂಬೆ ಹಿಡಿದಿದ್ದ ನಮ್ಮ ಯಜಮಾನರ ಎಡಗೈಗೆ ಬಿತ್ತು. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಕಿರುಬೆರಳಿನ ಕಡೆಗೆ. ಚಾರ್ಮಾಡಿ ಇಳಿದು ಮಂಗಳೂರಿಗೆ ಕರೆದುಕೊಂಡು ಹೋದೆವು. ‘ಕಿರುಬೆರಳಿನ ಕಡೆಗೆ ಹೋಗುವ ಅಲ್ನರ್ ನರ ಪೂರ್ತಿ ತುಂಡಾಗಿದೆ’ ಎಂದು ಹೇಳಿ ಮೈಕ್ರೋಸ್ಕೋಪ್ ಇಟ್ಟು ಹೊಲಿದರು. ಈಗ ಐದು ತಿಂಗಳು. ಗಾಯ ಮಾಗಿದೆ, ಆದರೆ ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಮರಗಟ್ಟಿದ ಹಾಗೇ ಇದೆ. ಎರಡೂ ಬೆರಳು ಸ್ವಲ್ಪ ಮುದುರಿಕೊಂಡಿವೆ. ನಮ್ಮ ಭಾವನವರು ‘ಎಂಆರ್‌ಐ ಮಾಡಿಸಿ, ನರ ಕೂಡಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ’ ಅನ್ನುತ್ತಾರೆ. ಮಾಡಿಸಬೇಕಾ? ಈ ವರ್ಷ ಹಣ್ಣು ಕುಯ್ಲಿಗೆ ಅವರ ಕೈ ಬರುತ್ತಾ? ವಯಸ್ಸು 46, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಇದೆ.

ಉತ್ತರ: ತಾಯಿ, ನಾನು ಹಾಸನದಲ್ಲಿ ಸ್ಕ್ಯಾನಿಂಗ್ ಕೋಣೆಯ ಕತ್ತಲಲ್ಲೇ ದಿನ ಕಳೆಯುವ ರೇಡಿಯಾಲಜಿಸ್ಟ್. ಎಂಆರ್‌ಐ ಮಾಡಿಸಿ ಅನ್ನುವುದು ನನಗೇನೂ ಕಷ್ಟದ ಮಾತಲ್ಲ. ಆದರೂ ಈ ತಿಂಗಳು ಬೇಡ ಅಂತಲೇ ಹೇಳುತ್ತೇನೆ. ಯಾಕೆ ಬೇಡ, ಯಾವಾಗ ಬೇಕಾಗಬಹುದು, ಅಲ್ಲಿಯತನಕ ಏನು ನೋಡುತ್ತಿರಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ‘ಕೂಡುವುದು’ ಅನ್ನುವ ಮಾತು. ನಮ್ಮ ಕಡೆ ‘ನರ’ ಅಂದರೆ ರಕ್ತನಾಳಕ್ಕೂ ಅದೇ ಹೆಸರು. ಡ್ರಿಪ್ ಹಾಕುವ ಸಿಸ್ಟರ್ ಕೂಡ ‘ನರಾನೇ ಸಿಗ್ತಿಲ್ಲ’ ಅನ್ನುತ್ತಾರೆ. ಹಾಗಾಗಿ ನರ ಹೊಲಿದರು ಅಂದ ಕೂಡಲೇ ಒಡೆದ ಪೈಪು ಜೋಡಿಸಿದ ಚಿತ್ರ ಮನಸ್ಸಿಗೆ ಬರುತ್ತದೆ, ಜೋಡಿಸಿದ ಮೇಲೆ ಹರಿಯಬೇಕಲ್ಲ ಅಂತ. ಇಲ್ಲವೇ ಎಲುಬಿನ ಹೋಲಿಕೆ ಬರುತ್ತದೆ: ಮೂರು ತಿಂಗಳಾದ ಮೇಲೆ ಎಕ್ಸ್‌ರೇ ತೆಗೆದು ಕೂಡಿದೆಯಾ ನೋಡುವುದು. ಸ್ಪರ್ಶ ಒಯ್ಯುವ, ಬೆರಳು ಆಡಿಸುವ ನರ ಈ ಎರಡೂ ಅಲ್ಲ. ಅದು ತುಂಡಾದ ಜಾಗದಿಂದ ಕೆಳಗೆ, ಬೆರಳಿನ ತುದಿಯವರೆಗೆ, ಒಳಗಿನ ಎಳೆಗಳೆಲ್ಲ ಕೆಲವು ವಾರದಲ್ಲಿ ಸತ್ತು ಕರಗಿಹೋಗುತ್ತವೆ. ಎಷ್ಟು ನಾಜೂಕಾಗಿ ಹೊಲಿದಿದ್ದರೂ ಅಷ್ಟೇ. 1850ರಲ್ಲಿ ಆಗಸ್ಟಸ್ ವಾಲರ್ ಎನ್ನುವವರು ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ನೋಡಿದರು, ಇವತ್ತಿಗೂ ಅವರ ಹೆಸರಿನಲ್ಲೇ ಅದನ್ನು ಕರೆಯುತ್ತೇವೆ. ಉಳಿಯುವುದು ಖಾಲಿ ಕೊಳವೆಗಳು ಮಾತ್ರ. ಹೊಲಿಗೆ ಹಾಕುವುದು ಆ ಕೊಳವೆಗಳ ಬಾಯಿಗೆ ಬಾಯಿ ಕೂರಿಸುವುದಕ್ಕೆ. ಮೇಲಿನ ತುಂಡಿನಿಂದ ಹೊಸ ಎಳೆಗಳು ಚಿಗುರಿ, ಹೊಲಿಗೆ ದಾಟಿ, ಆ ಕೊಳವೆಗಳ ಒಳಗೆ ಬೆಳೆದು ಬೆರಳು ತಲುಪಬೇಕು.

ನಿಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಮೆಣಸು ಹಬ್ಬಿಸಿರುತ್ತೀರಿ. ಕತ್ತಿ ತಾಗಿ ಬಳ್ಳಿ ಬುಡದ ಹತ್ತಿರ ಕಡಿದುಹೋಯಿತು ಅನ್ನಿ. ಮೇಲಿನ ಬಳ್ಳಿ ಪೂರ್ತಿ ಒಣಗುತ್ತದೆ. ಮರ ನಿಂತಿರುತ್ತದೆ, ಬುಡದಿಂದ ಹೊಸ ಹಂಬು ಏಳುತ್ತದೆ. ದೂರದಿಂದ ಮರದ ಫೋಟೋ ತೆಗೆದರೆ ಮರ ಕಾಣುತ್ತದೆ, ಹಂಬು ಎಲ್ಲಿಯವರೆಗೆ ಹತ್ತಿದೆ ಅನ್ನುವುದು ಕಾಣುವುದಿಲ್ಲ. ಸ್ಕ್ಯಾನ್ ಕಥೆಯೂ ಹೆಚ್ಚುಕಡಿಮೆ ಇದೇ.

ಇನ್ನು ಲೆಕ್ಕಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯ ಇದು. ದೊಡ್ಡವರಲ್ಲಿ ಹೊಸ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ತಿಂಗಳಿಗೆ ಒಂದಿಂಚು ಅಂತಿಟ್ಟುಕೊಳ್ಳಿ. ಅದಕ್ಕೂ ಮೊದಲು ಹೊಲಿಗೆ ದಾಟುವುದಕ್ಕೇ ಮೂರ್ನಾಲ್ಕು ವಾರ ಹಿಡಿಯುತ್ತದೆ. ನಾಲ್ಕು ಬೆರಳು ಅಂದರೆ ಏಳೂವರೆ ಸೆಂಟಿಮೀಟರ್. ಮಣಿಕಟ್ಟಿನ ಗೆರೆಯಿಂದ ಕಿರುಬೆರಳ ತುದಿಗೆ ಇನ್ನೊಂದು 15 ಸೆಂಟಿಮೀಟರ್ ಹಿಡಿಯಿರಿ. ಒಟ್ಟು 22ರಿಂದ 23. ಅಂದರೆ 225 ದಿನ ಬೆಳವಣಿಗೆ, ಮೇಲೆ ಒಂದು ತಿಂಗಳು ಕಾಯುವಿಕೆ, ಎಂಟೂವರೆ ತಿಂಗಳಾಯಿತು. ನಿಮಗೆ ಆಗಿರುವುದು ಐದು. ಎಲ್ಲ ಸರಿಯಾಗಿ ನಡೆಯುತ್ತಿದ್ದರೂ ಎಳೆಗಳು ಈಗ ಹೊಲಿಗೆಯಿಂದ ಸುಮಾರು 12 ಸೆಂಟಿಮೀಟರ್ ಮುಂದೆ, ಅಂಗೈಯ ನಡುಭಾಗದ ಹತ್ತಿರ ಇರಬೇಕು. ಬೆರಳು ಇನ್ನೂ ಮರಗಟ್ಟಿದೆ ಅಂದರೆ ಆಪರೇಷನ್ ಕೆಟ್ಟಿದೆ ಅಂತಲ್ಲ, ಬೆರಳಿಗೆ ಇನ್ನೂ ಯಾರೂ ಬಂದಿಲ್ಲ ಅಂತ. ಬೀಡಿ ಇದೆ ಅಂದಿರಿ. ಬೀಡಿ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ನರಕ್ಕೆ ಅಲ್ಲಿಂದಲೇ ಆಹಾರ ಬರಬೇಕು. ಬಿಟ್ಟರೆ ಯಾವ ಮಾತ್ರೆಗಿಂತಲೂ ಲಾಭ.

ಎಳೆ ಎಲ್ಲಿಗೆ ಬಂದಿದೆ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಕಿರುಬೆರಳಿನ ಬುಡದಿಂದ ಶುರುಮಾಡಿ ಮಣಿಕಟ್ಟಿನ ಕಡೆಗೆ, ನರ ಹೋಗುವ ದಾರಿಯಲ್ಲಿ, ನಿಮ್ಮ ತೋರುಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಒಂದು ಜಾಗದಲ್ಲಿ ಯಜಮಾನರು ‘ಇಲ್ಲಿ, ಇಲ್ಲಿ, ಕಿರುಬೆರಳಿಗೆ ಜುಮ್ ಅಂತು’ ಅನ್ನುತ್ತಾರೆ. ತಟ್ಟಿದ್ದು ಅಂಗೈಗೆ, ಜುಮ್ ಅಂದದ್ದು ಬೆರಳಿಗೆ. ಆ ಜಾಗವೇ ಹಂಬಿನ ತುದಿ. ಮಣಿಕಟ್ಟಿನ ಗೆರೆಯಿಂದ ಅದು ಎಷ್ಟು ದೂರ ಅಂತ ಸ್ಕೇಲಿನಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ತಿಂಗಳು ಅದೇ ತಾರೀಖಿಗೆ ಮತ್ತೆ ಅಳೆಯಿರಿ. ಎರಡು ಎರಡೂವರೆ ಸೆಂಟಿಮೀಟರ್ ಮುಂದೆ ಹೋಗಿದ್ದರೆ ಎಂಆರ್‌ಐ ಹೇಳಬಹುದಾದ ಒಳ್ಳೆಯ ಸುದ್ದಿಯನ್ನು ನೀವು ದುಡ್ಡು ಕೊಡದೇ ಪಡೆದ ಹಾಗೆ. ಇದಕ್ಕೆ ಟಿನೆಲ್ ಚಿಹ್ನೆ ಅನ್ನುತ್ತಾರೆ. ಜೂಲ್ ಟಿನೆಲ್ ಫ್ರಾನ್ಸಿನವರು, 1915ರಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳ ಕೈಕಾಲು ನೋಡಿ ಬರೆದರು. ಅದೇ ವರ್ಷ ಜರ್ಮನಿಯ ಕಡೆಯಿಂದ ಪೌಲ್ ಹಾಫ್‌ಮನ್ ಕೂಡ ಇದನ್ನೇ ಬರೆದರು, ಗಡಿಯ ಆಚೆ ಈಚೆ ಇಬ್ಬರೂ ಒಂದೇ ರೀತಿ ತಟ್ಟುತ್ತಿದ್ದರು ಅನ್ನಿ. ಟಿನೆಲ್ ತಮ್ಮ ಭಾಷೆಯಲ್ಲಿ ಇದಕ್ಕೆ ಇಟ್ಟ ಹೆಸರಿನ ಅರ್ಥ ‘ಇರುವೆ ಹರಿಯುವ ಲಕ್ಷಣ’. ನಮ್ಮ ರೋಗಿಗಳು ಯಾರೂ ಹೇಳಿಕೊಡದೇ ‘ಇರುವೆ ಹರಿದಂಗೆ ಆಗುತ್ತೆ ಸಾ’ ಅನ್ನುವಾಗ ನನಗೆ ಪ್ರತಿಸಲವೂ ಖುಷಿ.

ಒಂದು ಎಚ್ಚರಿಕೆ: ಜುಮ್ ಅನ್ನುವುದು ಕೆಲವಾದರೂ ಎಳೆಗಳು ಅಲ್ಲಿಗೆ ಬಂದಿವೆ ಅನ್ನುವುದನ್ನಷ್ಟೇ ಹೇಳುತ್ತದೆ. ಎಷ್ಟು ಎಳೆ, ಎಷ್ಟು ಬಲ ಅಂತ ಹೇಳುವುದಿಲ್ಲ. ಜುಮ್ ಅನ್ನುವ ಜಾಗ ಹೊಲಿಗೆಯ ಮೇಲೇ ಕೂತು ಎರಡು ಮೂರು ತಿಂಗಳು ಕದಲದಿದ್ದರೆ ಅದು ಕೆಟ್ಟ ಲಕ್ಷಣ. ಆಗ ನನ್ನಂಥವರ ಕೆಲಸ ಶುರು.

ಈಗ ಎಂಆರ್‌ಐ. ನರದ ಒಳಗಿನ ಒಂದು ಎಳೆಯ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಎಂಆರ್‌ಐ ಚಿತ್ರದ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿನ ಹತ್ತಿರ. ಒಂದು ಚುಕ್ಕೆಯೊಳಗೆ ನೂರಾರು ಎಳೆ ಅಡಗಿ ಕೂರುತ್ತವೆ, ಜೀವ ಇರುವುದು ಯಾವುದು, ಖಾಲಿ ಕೊಳವೆ ಯಾವುದು ಅಂತ ಆ ಚಿತ್ರ ಬೇರೆ ಮಾಡಿ ತೋರಿಸಲಾರದು. ನರಕ್ಕೆಂದೇ ಮಾಡುವ ಎಂಆರ್‌ಐ ಇದೆ, ಎಂಆರ್ ನ್ಯೂರೋಗ್ರಫಿ ಅನ್ನುತ್ತಾರೆ. 3 ಟೆಸ್ಲಾ ಮಿಷನ್ನು ಇದ್ದರೆ ಅದು ಚೆನ್ನಾಗಿ ಬರುತ್ತದೆ. ಅದರಲ್ಲಿ ಪೆಟ್ಟಾದ ನರ ಬೆಳ್ಳಗೆ ಹೊಳೆಯುತ್ತದೆ. ತೊಂದರೆ ಏನೆಂದರೆ, ಚೆನ್ನಾಗಿ ಚಿಗುರುತ್ತಿರುವ ನರವೂ ತಿಂಗಳುಗಟ್ಟಲೆ ಹೊಳೆಯುತ್ತಲೇ ಇರುತ್ತದೆ. ಐದನೇ ತಿಂಗಳಲ್ಲಿ ನಿಮ್ಮ ಯಜಮಾನರ ಎಂಆರ್‌ಐ ತೆಗೆದರೆ ಹೊಲಿಗೆಯ ಜಾಗ ದಪ್ಪಗೆ, ಬೆಳ್ಳಗೆ ಕಾಣುವುದು ಹೆಚ್ಚುಕಡಿಮೆ ಖಂಡಿತ. ರಿಪೋರ್ಟಿನಲ್ಲಿ ಅದನ್ನೇ ಬರೆಯುತ್ತಾರೆ. ಅದನ್ನು ಓದಿ ನೀವು ನಿದ್ದೆಗೆಡುತ್ತೀರಿ.

ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ, ಆ ತಪ್ಪು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ಕನ್ನಡಿ ಒಡೆದು ಮಣಿಕಟ್ಟು ಕೊಯ್ದುಕೊಂಡಿದ್ದ ಒಬ್ಬ ಹುಡುಗ, ಹೊಲಿದು ಮೂರು ತಿಂಗಳಾಗಿತ್ತು, ಸ್ಕ್ಯಾನಿಗೆ ಬಂದ. ಹೊಲಿಗೆ ಇದ್ದಲ್ಲಿ ನರ ಕಡಲೆಕಾಯಿಯಂತೆ ಊದಿತ್ತು. ನಾನು ‘ನ್ಯೂರೋಮಾ’ ಅಂತ ದಪ್ಪಕ್ಷರದಲ್ಲಿ ಬರೆದು ಕೊಟ್ಟೆ. ನ್ಯೂರೋಮಾ ಅಂದರೆ ದಾರಿ ತಪ್ಪಿದ ಎಳೆಗಳು ಸುತ್ತಿಕೊಂಡ ಗಂಟು. ಹುಡುಗನ ಅಪ್ಪ ಅದನ್ನು ಕ್ಯಾನ್ಸರ್ ಗಂಟು ಅಂತ ತಿಳಿದುಕೊಂಡು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ಹೊಲಿದ ಸರ್ಜನ್ ನನಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: ‘ಎಳೆಗಳು ಗಂಟಿನ ಒಳಗೆ ಹೋಗಿ ಆಚೆ ಬಂದಿವೆಯೋ ಇಲ್ಲವೋ, ಅದನ್ನು ನೋಡಿದ್ರಾ?’ ನೋಡಿರಲಿಲ್ಲ. ಹೊಲಿದ ಜಾಗ ಸ್ವಲ್ಪ ಊದಿಕೊಳ್ಳುವುದು ಸಹಜ, ಊತದ ಗಾತ್ರಕ್ಕೂ ಕೈ ಎಷ್ಟು ಮರಳುತ್ತದೆ ಅನ್ನುವುದಕ್ಕೂ ನೇರ ಲೆಕ್ಕ ಇಲ್ಲ. ಆ ಹುಡುಗ ಮುಂದಿನ ವರ್ಷ ಬೈಕಿನ ಕ್ಲಚ್ ಹಿಡಿದುಕೊಂಡೇ ತೋರಿಸಲು ಬಂದಿದ್ದ.

ಹಾಗಂತ ಎಂಆರ್‌ಐ ದಂಡ ಅಲ್ಲ. ಅದರಲ್ಲಿ ನಾನು ನರಕ್ಕಿಂತ ಮೊದಲು ಸ್ನಾಯು ನೋಡುತ್ತೇನೆ. ನರ ಕಳೆದುಕೊಂಡ ಸ್ನಾಯುವಿನಲ್ಲಿ ನೀರಿನಂಶ ಏರಿ, ಕೊಬ್ಬಿನ ಹೊಳಪು ಅಳಿಸಿದ ಚಿತ್ರಗಳಲ್ಲಿ ಅದು ಬೆಳ್ಳಗಾಗುತ್ತದೆ. ನರ ಬಂದು ತಲುಪಿದ ಮೇಲೆ ಆ ಬಿಳುಪು ತಿಂಗಳುಗಳಲ್ಲಿ ಇಳಿಯುತ್ತದೆ. ನರ ಬಾರದೇ ಹೋದರೆ ಸ್ನಾಯು ತೆಳ್ಳಗಾಗಿ ಅದರ ಜಾಗಕ್ಕೆ ಕೊಬ್ಬು ಸೇರುತ್ತದೆ, ಒಮ್ಮೆ ಕೊಬ್ಬು ತುಂಬಿಕೊಂಡರೆ ಆಮೇಲೆ ನರ ಬಂದರೂ ಪ್ರಯೋಜನ ಕಡಿಮೆ. ಹೆಬ್ಬೆರಳು ತೋರುಬೆರಳಿನ ಸಂದಿಯ ಸ್ನಾಯು, ಅಂಗೈಯ ಕಿರುಬೆರಳ ಕಡೆಯ ಉಬ್ಬು, ಇವೆರಡೂ ಅಲ್ನರ್ ನರದವೇ. ಇವು ಬೆಳ್ಳಗಿವೆಯಾ, ಬಿಳುಪು ಇಳಿದಿದೆಯಾ, ಕೊಬ್ಬಾಗಿವೆಯಾ ಅನ್ನುವುದು ಸರ್ಜನ್‌ಗೆ ಉಪಯೋಗಕ್ಕೆ ಬರುವ ಸುದ್ದಿ. ಡಿಟಿಐ ಅಂತ ಇನ್ನೊಂದು ವಿಧಾನ ಇದೆ, ನರದ ಉದ್ದಕ್ಕೆ ನೀರಿನ ಕಣಗಳು ಎಷ್ಟು ನೇರವಾಗಿ ಸರಿಯುತ್ತವೆ ಅಂತ ಅಳೆದು ಬಣ್ಣಬಣ್ಣದ ದಾರದ ಚಿತ್ರ ಕೊಡುತ್ತದೆ. ನರ ಹಾಳಾದಾಗ ಆ ಸಂಖ್ಯೆ ಇಳಿದು, ಚಿಗುರಿದಾಗ ಏರುವುದು ನಿಜ. ಸದ್ಯಕ್ಕೆ ಅದು ಬಹುಮಟ್ಟಿಗೆ ಸಂಶೋಧನೆಯ ಸಾಮಾನು. ಆ ಚಿತ್ರ ನೋಡಿ ಒಬ್ಬರ ಕೈಯನ್ನು ಮತ್ತೆ ಬಿಚ್ಚುವ ತೀರ್ಮಾನ ನಾನಂತೂ ಹೇಳಲಾರೆ.

ಚಿತ್ರ ಬೇಕೇಬೇಕು ಅನ್ನುವ ಹೊತ್ತು ಬಂದರೆ ಮೊದಲು ಅಲ್ಟ್ರಾಸೌಂಡ್. ಯಜಮಾನರಿಗೆ ‘ಸ್ಕ್ಯಾನಿಂಗ್‌ಗೆ ಹೋಗೋಣ’ ಅಂದರೆ, ಅದು ಬಸುರಿಯರಿಗಲ್ಲವಾ ಅಂತ ನಗಬಹುದು. ನಮ್ಮ ಬಾಗಿಲಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ಬೇರೆ ಕಡ್ಡಾಯ, ಕೈ ಹಿಡಿದುಕೊಂಡು ಬಂದ ಗಂಡಸರು ಅದನ್ನು ಓದಿ ಒಂದು ನಿಮಿಷ ಹಿಂದೆಮುಂದೆ ನೋಡುವುದು ಮಾಮೂಲು. ಹೊಟ್ಟೆ ನೋಡುವ ಪ್ರೋಬ್ ಇದಕ್ಕೆ ನಡೆಯುವುದಿಲ್ಲ. ಚಪ್ಪಟೆ ಮುಖದ, 12ರಿಂದ 18 ಮೆಗಾಹರ್ಟ್ಜ್ ಅಥವಾ ಅದಕ್ಕೂ ಮೇಲಿನ ಲೀನಿಯರ್ ಪ್ರೋಬ್ ಬೇಕು, ನರ ನೋಡಿ ಅಭ್ಯಾಸ ಇರುವವರ ಕೈ ಬೇಕು. ಫೋನು ಮಾಡಿ ಎರಡನ್ನೂ ಕೇಳಿಕೊಂಡೇ ಬಸ್ಸು ಹತ್ತಿ.

ಆ ಪ್ರೋಬ್ ಇಟ್ಟು ಅಡ್ಡಕ್ಕೆ ನೋಡಿದರೆ ಆರೋಗ್ಯದ ನರ ಜೇನುಹುಟ್ಟಿನ ಚೂರಿನ ಹಾಗೆ ಕಾಣುತ್ತದೆ: ಬಿಳಿ ಗೋಡೆ, ನಡುವೆ ಕಪ್ಪು ಕಣ್ಣುಗಳು. ಮೊಣಕೈ ಕಡೆಯಿಂದ ಪ್ರೋಬನ್ನು ಜಾರಿಸುತ್ತಾ ಬಂದರೆ ಆ ಜೇನುಹುಟ್ಟು ಜೊತೆಜೊತೆಗೇ ಬರುತ್ತದೆ. ಹೊಲಿಗೆಯ ಹತ್ತಿರ ಬಂದ ಹಾಗೆ ಕಣ್ಣುಗಳು ಕಲಸಿಹೋಗಿ ಒಂದೇ ಕಪ್ಪು ಮುದ್ದೆಯಾಗುತ್ತವೆ, ಅದರೊಳಗೆ ನೈಲಾನ್ ದಾರದ ಗಂಟು ಮಿಣುಕು ಚುಕ್ಕೆಯಾಗಿ ಹೊಳೆಯುತ್ತದೆ. ತಲೆಕೂದಲಿಗಿಂತ ಸಣ್ಣ ದಾರ ಅದು. ಇಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಮೂರೇ. ಎರಡು ತುದಿ ಒಂದಕ್ಕೊಂದು ತಾಗಿವೆಯಾ, ಅಥವಾ ಹೊಲಿಗೆ ಕಿತ್ತು ನಡುವೆ ಸಂದು ಬಿದ್ದಿದೆಯಾ? ಮುದ್ದೆ ದಾಟಿದ ಮೇಲೆ ಜೇನುಹುಟ್ಟಿನ ಕಣ್ಣುಗಳು ಮತ್ತೆ ಶುರುವಾಗುತ್ತವೆಯಾ, ಅಥವಾ ಮೇಲಿನ ತುಂಡು ಈರುಳ್ಳಿ ಗೆಡ್ಡೆಯ ಹಾಗೆ ಊದಿ ಅಲ್ಲೇ ಮುಗಿಯುತ್ತದೆಯಾ? ಬೆರಳು ಮಡಚಿ ಬಿಡಿಸಿ ಅಂದಾಗ ನರ ಜಾರುತ್ತದೆಯಾ, ಇಲ್ಲ ಗಾಯದ ಕಲೆಗೆ ಅಂಟಿಕೊಂಡು ಎಳೆದಾಡುತ್ತದೆಯಾ? ಈ ಕೊನೆಯದು ಎಂಆರ್‌ಐ ಒಳಗೆ ಅಲ್ಲಾಡದೇ ಮಲಗಿದ ಕೈಯಲ್ಲಿ ಗೊತ್ತಾಗುವುದೇ ಇಲ್ಲ. ಸಂದು ಬಿದ್ದಿದ್ದರೆ, ಗೆಡ್ಡೆಯಾಗಿ ಮುಗಿದಿದ್ದರೆ, ಕಾಯುವುದರಲ್ಲಿ ಅರ್ಥವಿಲ್ಲ. ಇವೆರಡನ್ನು ಪತ್ತೆಮಾಡುವುದರಲ್ಲಿ ಚಿತ್ರಕ್ಕೆ ನಿಜವಾದ ಬೆಲೆ. ‘ಸಂದಿಲ್ಲ’ ಅನ್ನುವುದನ್ನು ನಾನು ಹೇಳಬಲ್ಲೆ, ‘ಎಳೆ ಬಂದಿದೆ’ ಅನ್ನುವುದನ್ನು ಹೇಳಲಾರೆ.

ಅದನ್ನು ಹೇಳುವುದು ಕರೆಂಟ್ ಟೆಸ್ಟ್. ಎನ್‌ಸಿವಿ, ಇಎಂಜಿ ಅಂತ ಬರೆದುಕೊಡುತ್ತಾರೆ. ಮೊದಲನೆಯದು ನರದಲ್ಲಿ ಕರೆಂಟ್ ಎಷ್ಟು ವೇಗವಾಗಿ ಹರಿಯುತ್ತದೆ ಅಂತ ಅಳೆಯುವುದು. ಎರಡನೆಯದರಲ್ಲಿ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಕಿವಿಗೊಟ್ಟು ಕೇಳುತ್ತಾರೆ. ಮೊದಮೊದಲ ಎಳೆಗಳು ಸ್ನಾಯು ತಲುಪಿದಾಗ ಬೆರಳು ಕಣ್ಣಿಗೆ ಕಾಣುವಷ್ಟು ಅಲ್ಲಾಡುವುದಕ್ಕೂ ಮೊದಲೇ ಆ ಸೂಜಿಗೆ ಸಣ್ಣ, ಚೂರುಚೂರು ಸದ್ದು ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಅಂಗೈಯ ಕಿರುಬೆರಳ ಕಡೆಯ ಉಬ್ಬಿಗೆ ಎಳೆ ಬರುವ ಹೊತ್ತು ಸರಿಸುಮಾರು ಈಗ. ಹೆಬ್ಬೆರಳ ಸಂದಿಯ ಸ್ನಾಯುವಿಗೆ ಆರೂವರೆ ತಿಂಗಳು, ಅಂದರೆ ಡಿಸೆಂಬರ್ ಕೊನೆ. ಆದ್ದರಿಂದ ಎಂಆರ್‌ಐಗೆ ಇಟ್ಟ ದುಡ್ಡನ್ನು ಜನವರಿ ಮೊದಲ ವಾರದ ಇಎಂಜಿಗೆ ಎತ್ತಿಡಿ.

ಜನವರಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಸ್ನಾಯು ಹೆಚ್ಚು ದಿನ ಕಾಯುವುದಿಲ್ಲ. ನರ ಇಲ್ಲದ ಸ್ನಾಯು ಒಂದರಿಂದ ಒಂದೂವರೆ ವರ್ಷದ ಒಳಗೆ ನರ ಪಡೆಯದಿದ್ದರೆ ಮರಳುವುದು ಕಷ್ಟ. ಸ್ಪರ್ಶ ಅಷ್ಟು ಅವಸರದ್ದಲ್ಲ, ತಡವಾಗಿಯೂ ಬರುತ್ತದೆ. ಅಕಸ್ಮಾತ್ ಮತ್ತೆ ಬಿಚ್ಚಿ ಹೊಲಿಯಬೇಕು, ಕಾಲಿನಿಂದ ನರ ತೆಗೆದು ಕಸಿ ಕಟ್ಟಬೇಕು ಅಂತಾದರೆ, ಆ ಎಳೆಗೂ ಮತ್ತೆ ಮೊದಲಿನಿಂದ ಆರೇಳು ತಿಂಗಳು ಬೇಕು. ಹಿಂದಕ್ಕೆ ಎಣಿಸಿಕೊಂಡು ಬಂದರೆ ತೀರ್ಮಾನಕ್ಕೆ ಉಳಿಯುವ ಕಾಲ ಏಳು ಎಂಟು ತಿಂಗಳೊಳಗೆ. ಜನವರಿಯಲ್ಲಿ ಜುಮ್ ಅನ್ನುವ ಜಾಗ ಮುಂದೆ ಹೋಗಿಲ್ಲ, ಸೂಜಿಗೂ ಏನೂ ಸಿಗಲಿಲ್ಲ ಅಂದರೆ, ಮಾರನೆಯ ದಿನವೇ ಅಲ್ಟ್ರಾಸೌಂಡ್ ಮಾಡಿಸಿ, ಅದರಲ್ಲೂ ಗೊಂದಲ ಉಳಿದರೆ ಎಂಆರ್‌ಐ, ಎಲ್ಲ ಹಿಡಿದುಕೊಂಡು ಮಂಗಳೂರಿಗೆ ಹೋಗಿ. ‘ಇನ್ನೊಂದು ಆರು ತಿಂಗಳು ನೋಡೋಣ’ ಅನ್ನುವ ಮಾತಿಗೆ ಆಗ ಒಪ್ಪಬೇಡಿ. ಕುಯ್ಲು ಮುಗಿಯಲಿ ಅಂತ ನೀವೂ ಮುಂದೂಡಬೇಡಿ.

ಮನೆಯಲ್ಲಿ ಇನ್ನೂ ಎರಡು ನೋಡಬಹುದು. ನುಣುಪಾದ ಪ್ಲಾಸ್ಟಿಕ್ ಪೆನ್ನನ್ನು ಒಳ್ಳೆಯ ಬೆರಳಿನ ಮೇಲೆ ಎಳೆಯಿರಿ, ಬೆವರಿನ ಪಸೆಗೆ ಅದು ಸ್ವಲ್ಪ ಅಂಟಿ ಅಂಟಿ ಹೋಗುತ್ತದೆ. ಮರಗಟ್ಟಿದ ಕಿರುಬೆರಳಿನ ಮೇಲೆ ಸರ್ರನೆ ಜಾರುತ್ತದೆ, ಏಕೆಂದರೆ ಬೆವರಿಸುವುದೂ ನರದ್ದೇ ಕೆಲಸ. ಇನ್ನೊಂದು, ಉಗುರುಬೆಚ್ಚಗಿಂತ ತುಸು ಬಿಸಿ ನೀರಲ್ಲಿ ಅರ್ಧ ಗಂಟೆ ಕೈ ಅದ್ದಿಡುವುದು. ಪಾತ್ರೆ ತೊಳೆದ ಮೇಲೆ ನಿಮ್ಮ ಬೆರಳು ಸುಕ್ಕುಗಟ್ಟುತ್ತವಲ್ಲ, ನರ ಇಲ್ಲದ ಬೆರಳು ಹಾಗೆ ಸುಕ್ಕಾಗುವುದಿಲ್ಲ. ಓ’ರಿಯೆನ್ ಎಂಬ ವೈದ್ಯರು 1973ರಲ್ಲಿ ಇದನ್ನು ಪರೀಕ್ಷೆಯಾಗಿ ಬರೆದರು. ಮಾತಾಡಲು ಬಾರದ ಮಕ್ಕಳಲ್ಲಿ ಇದು ಬಹಳ ಉಪಯೋಗ. ಚಿಗುರುವ ಹಂತದಲ್ಲಿ ಸುಕ್ಕು ಮರಳಿದರೂ ಸ್ಪರ್ಶ ಮರಳಿರಲೇಬೇಕು ಅಂತಿಲ್ಲ, ಅದು ನೆನಪಿರಲಿ. ನೀರಿನ ಬಿಸಿಯನ್ನು ನೀವು ನೋಡಿ, ಇಲ್ಲವೇ ಅವರ ಬಲಗೈಯಲ್ಲಿ ನೋಡಿಸಿ.

ಬಿಸಿ ಅಂದೆನಲ್ಲ, ಕುಯ್ಲಿನ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಅರೇಬಿಕಾ ಹಣ್ಣು ಬಿಡಿಸುವುದು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಕೆಲಸ, ಅವುಗಳ ಸ್ಪರ್ಶ ಬೇರೆ ನರದ್ದು, ಸರಿಯಾಗೇ ಇದೆ. ಹಾಗಾಗಿ ಸ್ವಲ್ಪ ಹೊತ್ತು ಬಿಡಿಸಲಿ, ತಪ್ಪಿಲ್ಲ. ಚಿವುಟುವ ಬಲ ಮಾತ್ರ ಕಡಿಮೆ ಇರುತ್ತದೆ. ಒಂದು ರಸೀದಿ ಚೀಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಸಿ ನೀವು ಎಳೆದು ನೋಡಿ, ಎಡಗೈಯ ಹೆಬ್ಬೆರಳಿನ ತುದಿ ಬಾಗಿಕೊಂಡು ಹಿಡಿಯುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನಿನ ಹತ್ತಿರ ಬೇಡ, ಕತ್ತಿ ಬೇಡ, ಮೂಟೆ ಹೊರುವುದು ಬೇಡ. ಕಣದಲ್ಲಿ ಕಾಫಿ ಎಳೆಯುವಾಗ ಹಿಡಿಕೆ ತಿಕ್ಕಿ ಬೊಬ್ಬೆ ಬಂದರೂ ಅವರಿಗೆ ಗೊತ್ತಾಗುವುದಿಲ್ಲ. ನಾನು ಕಂಡ ಹಾಗೆ ಇಂಥ ಕೈಗಳಿಗೆ ಅತಿ ಹೆಚ್ಚು ಸುಟ್ಟಗಾಯ ಆಗುವುದು ಸ್ಟೀಲ್ ಲೋಟದಿಂದ: ಮೂರು ಬೆರಳಿಗೆ ಬಿಸಿ ತಾಗಿ ಲೋಟ ಸರಿಸಿಕೊಳ್ಳುತ್ತಾರೆ, ಕಿರುಬೆರಳು ಮಾತ್ರ ಲೋಟದ ಬುಡಕ್ಕೆ ಒತ್ತಿಕೊಂಡೇ ಇರುತ್ತದೆ, ಆಮೇಲೆ ನೋಡಿದರೆ ಗುಳ್ಳೆ. ಕಾಫಿ ಬಲಗೈಗೆ ಕೊಡಿ. ಬಚ್ಚಲ ಹಂಡೆಗೆ ಎಡಗೈ ಹಾಕಿ ಬಿಸಿ ನೋಡುವುದು ಬೇಡ. ಮಾಗಿಯ ಚಳಿಗೆ ಆ ಎರಡು ಬೆರಳು ನೀಲಿಗಟ್ಟಿ ಸೆಳೆತ ಬರಬಹುದು, ಉಣ್ಣೆಯ ಕೈಗವಸು ಹಾಕಿದರೆ ಸಾಕು, ಬೆಂಕಿಗೆ ಹಿಡಿಯುವುದು ಬೇಡ.

ಮುದುರಿದ ಬೆರಳುಗಳಿಗೆ ಫಿಸಿಯೋಥೆರಪಿಯವರು ಸ್ಪ್ಲಿಂಟ್, ಅಂದರೆ ಬೆರಳಿಗೆ ಕಟ್ಟುವ ಆಧಾರದ ಪಟ್ಟಿ, ಕೊಟ್ಟಿದ್ದರೆ ಬಿಡದೇ ಹಾಕಿ, ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ. ನರ ಬರುವ ಹೊತ್ತಿಗೆ ಕೀಲು ಬಿಗಿದುಕೊಂಡಿದ್ದರೆ ನರ ಬಂದೂ ಬಾರದ ಹಾಗೆ. ಸ್ಪರ್ಶ ಮರಳಲು ಶುರುವಾದಾಗ ಅದು ಮೊದಲಿನ ಸ್ಪರ್ಶ ಆಗಿರುವುದಿಲ್ಲ. ಎಳೆಗಳು ಕೊಳವೆ ಅದಲುಬದಲು ಮಾಡಿಕೊಂಡು ಬಂದಿರುತ್ತವೆ, ಉಂಗುರದ ಬೆರಳು ಮುಟ್ಟಿದರೆ ಕಿರುಬೆರಳು ಮುಟ್ಟಿದ ಹಾಗನ್ನಿಸಬಹುದು. ಮಿದುಳಿಗೆ ಹೊಸದಾಗಿ ಕಲಿಸಬೇಕು. ಕಣ್ಣು ಮುಚ್ಚಿ ಮೆಣಸಿನ ಕಾಳು, ಅವರೆಕಾಳು, ಕಾಫಿ ಬೀಜ ಮುಟ್ಟಿ ಹೇಳುವುದು, ತಪ್ಪಿದರೆ ಕಣ್ಣು ತೆರೆದು ನೋಡಿ ಮತ್ತೆ ಮುಟ್ಟುವುದು, ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ. ಮಕ್ಕಳು ಇದನ್ನು ಆಟದಲ್ಲೇ ಕಲಿತುಬಿಡುತ್ತಾರೆ, ನಲವತ್ತಾರಕ್ಕೆ ಹೊತ್ತು ಹಿಡಿಯುತ್ತದೆ. ಅಲ್ನರ್ ನರ ತುಂಡಾದ ದೊಡ್ಡವರಲ್ಲಿ ಅಂಗೈಯ ಸಣ್ಣ ಸ್ನಾಯುಗಳ ಬಲ ಪೂರ್ತಿ ಮರಳುವುದು ಅಪರೂಪ ಅನ್ನುವುದನ್ನೂ ಮುಚ್ಚಿಡದೇ ಹೇಳುತ್ತೇನೆ. ಕೊರತೆ ಉಳಿದರೆ ಸ್ನಾಯುರಜ್ಜು ಸ್ಥಳಾಂತರಿಸುವ ಆಪರೇಷನ್ ಇದೆ, ಅದಕ್ಕೆ ಈ ಅವಸರ ಇಲ್ಲ.

ಕೊನೆಯದಾಗಿ ಒಂದು ಕೆಲಸ ಈ ವಾರವೇ ಮಾಡಿ. ಮಂಗಳೂರಿನ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ತರಿಸಿಕೊಳ್ಳಿ. ಡಿಸ್ಚಾರ್ಜ್ ಕಾರ್ಡ್ ಸಾಲದು, ಅದರಲ್ಲಿ ‘ಅಲ್ನರ್ ನರ್ವ್ ರಿಪೇರ್’ ಅಂತ ಒಂದೇ ಸಾಲು ಇರುತ್ತದೆ. ತುದಿಗಳನ್ನು ಎಷ್ಟು ಕತ್ತರಿಸಿ ಹೊಲಿದರು, ಎಳೆತ ಇತ್ತಾ, ಪಕ್ಕದ ರಕ್ತನಾಳವನ್ನೂ ಹೊಲಿದರಾ, ಹೊಲಿಗೆ ಮಣಿಕಟ್ಟಿನಿಂದ ಎಷ್ಟು ದೂರ, ಇದೆಲ್ಲ ಆ ಹಾಳೆಯಲ್ಲಿ ಮಾತ್ರ ಇರುತ್ತದೆ. ಜನವರಿಯಲ್ಲಿ ಯಾರ ಹತ್ತಿರ ಸ್ಕ್ಯಾನಿಗೆ ಹೋದರೂ ಆ ಹಾಳೆಯನ್ನೂ, ಅಳತೆ ಬರೆದ ಕ್ಯಾಲೆಂಡರನ್ನೂ ಪ್ರೋಬ್ ಇಡುವ ಮೊದಲೇ ಅವರ ಮುಂದಿಡಿ. ಬಲಗೈಯನ್ನೂ ನೋಡಿ ಹೋಲಿಸಿ ಅಂತ ಕೇಳಿ.